ಭಾರ ನೋಡಿ ಬೇರ್ಪಡಿಸಿದ ತವರ

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಬೊಟಾಲಕ್ ಎಂಬ ಹಳೆಯ ತವರದ ಗಣಿಯಿದೆ. ಕಡಲಂಚಿನ ಬಂಡೆಯ ಮೇಲೆ ನಿಂತ ಅದರ ಎಂಜಿನ್ ಮನೆಗಳ ಫೋಟೊ ಜಗತ್ಪ್ರಸಿದ್ಧ. ಆದರೆ ಗಣಿಯ ಜಾಣ್ಮೆಯೆಲ್ಲ ಇರುವುದು ಮೇಲಿನ ಬಯಲಿನಲ್ಲಿ ಉಳಿದಿರುವ ಅದಿರು ತೊಳೆಯುವ ಅಂಗಳದಲ್ಲಿ: ನೆಲದಲ್ಲಿ ದುಂಡನೆಯ ತೊಟ್ಟಿಗಳು, ಪಕ್ಕದಲ್ಲಿ ಅಂಕುಡೊಂಕಾದ ಕಲ್ಲಿನ ಓಣಿ.

ತವರದ ಅದಿರಾದ ಕ್ಯಾಸಿಟರೈಟ್ ನೀರಿಗಿಂತ ಸುಮಾರು 7 ಪಟ್ಟು ಭಾರ. ಅದರ ಜೊತೆಗಿರುವ ಬೆಣಚುಕಲ್ಲು ಸುಮಾರು 2.65 ಪಟ್ಟು ಮಾತ್ರ. ಈ ವ್ಯತ್ಯಾಸವೇ ಇಲ್ಲಿನ ಬಂಡವಾಳ. ಕಲ್ಲನ್ನು ಪುಡಿ ಮಾಡಿ, ನೀರು ಬೆರೆಸಿ, 'ಬಡಲ್' ಎನ್ನುವ ದುಂಡು ತೊಟ್ಟಿಯ ನಡುವಿನ ಉಬ್ಬಿನ ಮೇಲೆ ಬಿಡುತ್ತಿದ್ದರು. ಕೆಸರು ಇಳಿಜಾರಿನಲ್ಲಿ ಸುತ್ತಲೂ ಹರಡುವಾಗ ಭಾರದ ತವರ ನಡುವಿನ ಹತ್ತಿರವೇ ಕೂರುತ್ತಿತ್ತು. ಹಗುರ ಮರಳು ಅಂಚಿಗೆ ಹೋಗುತ್ತಿತ್ತು. ನಿಧಾನವಾಗಿ ಸುತ್ತುವ ತೋಳುಗಳಿಗೆ ಕಟ್ಟಿದ ಕುಂಚಗಳು ಕೆಸರಿನಲ್ಲಿ ಕಾಲುವೆ ಬೀಳದಂತೆ ಸವರುತ್ತಿದ್ದವು. ತೊಟ್ಟಿ ತುಂಬಿದ ಮೇಲೆ ಬಳೆ ಬಳೆಯಾಗಿ ಅಗೆದು, ನಡುವಿನದನ್ನು ಮುಂದಕ್ಕೆ ಕಳಿಸಿ, ಮಧ್ಯದ ಬಳೆಯನ್ನು ಮತ್ತೆ ತೊಳೆಯುತ್ತಿದ್ದರು. ಎಷ್ಟು ತವರ ಉಳಿಯಿತೆಂದು ನೋಡಲು ಅಗಲವಾದ ಸಲಿಕೆಯೇ ಸಾಕು. ಚಿಟಿಕೆ ಪುಡಿಗೆ ನೀರು ಹಾಕಿ, ಮೊರದಲ್ಲಿ ಅಕ್ಕಿ ಕೇರುವಂತೆ ಸಲಿಕೆಯನ್ನು ಒದರಿದರೆ ಕಪ್ಪು ತವರದ ಸಣ್ಣ ಗೆರೆಯೊಂದು ಬೇರೆಯಾಗಿ ಕಾಣುತ್ತಿತ್ತು. ಆ ಕೈಚಳಕ ನನಗೆ ಯಾವ ಯಂತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.



ಬೊಟಾಲಕ್‌ನಲ್ಲಿ ನೀರು ಸೋತದ್ದು ಆರ್ಸೆನಿಕ್ ಇದ್ದ ಖನಿಜದ ಮುಂದೆ. ಅದರ ಸಾಂದ್ರತೆ ಸುಮಾರು 6, ತವರದ ಅದಿರಿಗೆ ತೀರ ಹತ್ತಿರ. ಎಷ್ಟು ತೊಳೆದರೂ ಎರಡೂ ಒಟ್ಟಿಗೇ ಕೂರುತ್ತವೆ. ಹಾಗಾಗಿ ಬೆಂಕಿ ಬೇಕಾಯಿತು. ವಿಲಿಯಂ ಬ್ರಂಟನ್ ರೂಪಿಸಿದ, ತಿರುಗುವ ತಳದ ಕುಲುಮೆಯಲ್ಲಿ ಹುರಿದಾಗ ತವರದ ಅದಿರು ಹಾಗೇ ಉಳಿಯುತ್ತದೆ, ಆರ್ಸೆನಿಕ್ ಆವಿಯಾಗುತ್ತದೆ. ಅಂಕುಡೊಂಕು ಓಣಿ ಕಟ್ಟಿದ್ದು ಈ ಆವಿಗಾಗಿ. ತಿರುವು ತಿರುವಿನಲ್ಲೂ ಹೊಗೆ ನಿಧಾನಿಸಿ, ತಣಿದು, ಗೋಡೆಗೆ ಬಿಳಿ ಪುಡಿಯಾಗಿ ಅಂಟುತ್ತಿತ್ತು. ಅದೇ ಪಾಷಾಣ.

ಅದನ್ನು ಕೆರೆದು ತೆಗೆಯಲು ಮನುಷ್ಯರೇ ಒಳಗಿಳಿಯಬೇಕಿತ್ತು. ಮೂಗಿಗೆ ಹತ್ತಿ ತುರುಕಿಕೊಂಡು, ಮುಖಕ್ಕೆ ಜೇಡಿಮಣ್ಣು ಮೆತ್ತಿಕೊಂಡು ಅವರು ಕೆಲಸ ಮಾಡುತ್ತಿದ್ದರು, ರಕ್ಷಣೆಯೆಂದರೆ ಅಷ್ಟೇ. 2006ರಲ್ಲಿ ಕಾರ್ನ್‌ವಾಲ್‌ನ ಗಣಿ ಪ್ರದೇಶ ಯುನೆಸ್ಕೊ ಪಟ್ಟಿ ಸೇರಿದಾಗ ಎಂಜಿನ್ ಮನೆಗಳಷ್ಟೇ ಗೌರವ ಈ ಓಣಿಗಳಿಗೂ ಸಂದಿತು ಎಂದೇ ನಾನು ಭಾವಿಸುತ್ತೇನೆ. ಇಲ್ಲಿ ಕೆರೆದ ಪುಡಿ ಪೀಪಾಯಿಗಳಲ್ಲಿ ತುಂಬಿ ಹೊರಟು, ಅಮೆರಿಕದ ಹತ್ತಿ ಹೊಲಗಳವರೆಗೆ ಕೀಟನಾಶಕವಾಗಿ ಹೋಗುತ್ತಿತ್ತು.