ಮುಲ್ಕಿ, ನಾನ್-ಮುಲ್ಕಿ: ಹೈದರಾಬಾದಲ್ಲಿ ನಾವು ಯಾರು?

ಗಚ್ಚಿಬೌಲಿಯಲ್ಲಿ ಮನೆ ಹುಡುಕುವಾಗ "ನೀವು ಇಲ್ಲಿಯವರಲ್ಲ ಅಲ್ವಾ?" ಅಂತ ಯಾರಾದ್ರೂ ಕೇಳಿದ್ದಾರಾ? ಈ ಪ್ರಶ್ನೆ ಇಲ್ಲಿ ಬಹಳ ಹಳೇದು.

ನಿಜಾಮರ ಕಾಲದ ನಿಯಮದಲ್ಲಿ, ಇಲ್ಲೇ ಹುಟ್ಟಿದವರು ಅಥವಾ 15 ವರ್ಷ ನೆಲೆಸಿದವರು 'ಮುಲ್ಕಿ'. ಸರ್ಕಾರಿ ಕೆಲಸ ಅವರಿಗೇ. ಆಗ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿಯವರು ಮುಲ್ಕಿ, ಮೈಸೂರಿನವರು ಹೊರಗಿನವರು! ಸುಳ್ಳು ಮುಲ್ಕಿ ಪ್ರಮಾಣಪತ್ರ ತೋರಿಸಿ ಹೊರಗಿನವರು ಕೆಲಸ ಹಿಡಿಯುತ್ತಿದ್ದಾರೆಂದು 1952ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಗೋಲಿಬಾರಿನಲ್ಲಿ ಜೀವಗಳೇ ಹೋದವು.

ಸರ್ಕಾರ ತನ್ನ ನಿಯಮ ತಾನೇ ಕಾಯದಿದ್ದರೆ ಸಿಟ್ಟು ಪಕ್ಕದ ಮನೆಯವರ ಮೇಲೆ ತಿರುಗುತ್ತೆ. ನಿಯಮ ಪಾಲಿಸೋದು, ಭೇದದ ದೂರು ತಗೊಳ್ಳೋದು ಸರ್ಕಾರದ ಕೆಲಸ. ಸಮಾಜದ ಕೆಲಸ ನಮ್ಮದು: ಇಲ್ಲಿ ನಾಲ್ಕು ಮಾತು ತೆಲುಗು ಕಲಿಯೋಣ. ಬೆಂಗಳೂರಲ್ಲಿ ಬಿಹಾರದ ಹುಡುಗನನ್ನ "ಹೊರಗಿನವನು" ಅನ್ನೋ ಮುಂಚೆ ಗಚ್ಚಿಬೌಲಿ ನೆನಪಿಸ್ಕೊಳ್ಳೋಣ.