ಕುದುರೆಯಷ್ಟೇ ತೂಕದ ಕಾರು

ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಕುಣಿಗಲ್‌ನಲ್ಲಿ ಬೆಳೆದ ಥರೋಬ್ರೆಡ್ ಕುದುರೆ ಸುಮಾರು 450ರಿಂದ 500 ಕೆ.ಜಿ. ತೂಗುತ್ತದೆ. 1956ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ರೂಪಿಸಿದ ಲೋಟಸ್ ಇಲೆವೆನ್ ರೇಸ್ ಕಾರಿನ ತೂಕವೂ ಎಂಜಿನ್ ಸೇರಿ ಹೆಚ್ಚುಕಡಿಮೆ ಅಷ್ಟೇ. ಗೆಲ್ಲುವ ಕುದುರೆಯ ತಡಿಗೆ ಸೀಸ ಸೇರಿಸಿ ಪಂದ್ಯ ಸರಿದೂಗಿಸುವವರಿಗೆ ತೂಕದ ಬೆಲೆ ಬಹಳ ಹಿಂದೆಯೇ ಗೊತ್ತಿತ್ತು. ಚಾಪ್‌ಮನ್ ಅದನ್ನು ಯಂತ್ರಕ್ಕೆ ಅನ್ವಯಿಸಿದ.

ಸಣ್ಣ ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಅಲ್ಯೂಮಿನಿಯಂ ಹೊದಿಕೆ. ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 1098 ಸಿಸಿ ಎಂಜಿನ್ನಿನ ಮೂಲ ಬೆಂಕಿ ಆರಿಸುವ ಪಂಪು. ಹೊತ್ತೊಯ್ಯಬೇಕಾದ ಯಂತ್ರವಾದ್ದರಿಂದ ಅದು ಹುಟ್ಟಿನಿಂದಲೇ ಹಗುರ. ಶಕ್ತಿ ಸುಮಾರು 75 ಅಶ್ವಶಕ್ತಿ. ತೂಕ ಇಳಿದರೆ ಲಾಭ ಒಂದರ ಬೆನ್ನಿಗೊಂದು ಬರುತ್ತದೆ: ಚಿಕ್ಕ ಎಂಜಿನ್ ಸಾಕು, ಅದಕ್ಕೆ ಕಡಿಮೆ ಇಂಧನ ಸಾಕು, ಬ್ರೇಕು ಟೈರುಗಳೂ ಚಿಕ್ಕದಾಗುತ್ತವೆ, ಕಾರು ಇನ್ನಷ್ಟು ಹಗುರವಾಗುತ್ತದೆ.

ಆದರೆ ವೇಗ ಏರಿದಂತೆ ತೂಕಕ್ಕಿಂತ ಗಾಳಿಯೇ ದೊಡ್ಡ ಎದುರಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು; ಅದನ್ನು ಸೀಳಿ ಹೋಗಲು ಬೇಕಾದ ಶಕ್ತಿ ಎಂಟರಷ್ಟು. ಗುಬ್ಬಿಯಿಂದ ತೆಂಗಿನಕಾಯಿ ಹೊತ್ತು ಹೆದ್ದಾರಿಗಿಳಿದ ಲಾರಿಯ ಟಾರ್ಪಾಲು ಪಟಪಟನೆ ಬಡಿದುಕೊಳ್ಳುವಾಗ ವ್ಯರ್ಥವಾಗುವುದು ಡೀಸೆಲ್ಲೇ. ಲೋಟಸ್‌ನ ಮೈಯನ್ನು ಗಾಳಿಗೆ ಒಗ್ಗಿಸಿದವನು ಫ್ರಾಂಕ್ ಕಾಸ್ಟಿನ್, ಡಿ ಹ್ಯಾವಿಲೆಂಡ್ ವಿಮಾನ ಕಂಪನಿಯ ಎಂಜಿನಿಯರ್. ತಗ್ಗಿದ ಮೂಗು, ಮುಚ್ಚಿದ ಗಾಲಿಗಳು, ಚಾಲಕನ ತಲೆಯ ಹಿಂದೆ ಗಾಳಿ ಸುಳಿಯಾಗದಂತೆ ಇಳಿಯುವ ಉಬ್ಬು. 1956ರಲ್ಲಿ ಮೊಂಜಾ ರೇಸ್ ಪಥದಲ್ಲಿ, ಗುಳ್ಳೆಯಂಥ ಮುಚ್ಚಳ ಹೊದಿಸಿದ ಇಲೆವೆನ್‌ನಲ್ಲಿ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಒಂದು ಸುತ್ತನ್ನು ಗಂಟೆಗೆ 230 ಕಿ.ಮೀ. ವೇಗದಲ್ಲಿ ಮುಗಿಸಿದ. ಮರುವರ್ಷ ಲೆಮಾನ್ ಓಟದಲ್ಲಿ ಬರೀ 744 ಸಿಸಿ ಎಂಜಿನ್ನಿನ ಇಲೆವೆನ್, ಎಂಜಿನ್ ಗಾತ್ರಕ್ಕೆ ತಕ್ಕ ಸಾಧನೆಯನ್ನು ಅಳೆಯುವ ಇಂಡೆಕ್ಸ್ ಆಫ್ ಪರ್ಫಾರ್ಮೆನ್ಸ್ ಪ್ರಶಸ್ತಿ ಗೆದ್ದಿತು. ನನ್ನ ಮಟ್ಟಿಗೆ ಮಾಸ್‌ನ ವೇಗಕ್ಕಿಂತ ಇದೇ ದೊಡ್ಡ ಗೆಲುವು.

ಡಿ ಹ್ಯಾವಿಲೆಂಡ್ ನಮಗೆ ಹೊರಗಿನ ಹೆಸರೇನಲ್ಲ. ಅದರ ವ್ಯಾಂಪೈರ್ ಜೆಟ್ಟುಗಳನ್ನು 1950ರ ದಶಕದಲ್ಲಿ ಪರವಾನಗಿ ಪಡೆದು ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ಅದೇ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆಯಲ್ಲಿ, ಉದ್ಘಾಟನೆಯಾಯಿತು. ಮೊದಲಿಗೆ ಅಲ್ಲಿ ತಯಾರಾಗಬೇಕಾದದ್ದು 3 ಟನ್ ವರ್ಗದ, ಒಂಟಿ ಎಂಜಿನ್ನಿನ ಹಗುರ ಹೆಲಿಕಾಪ್ಟರ್, ಎಲ್‌ಯುಎಚ್.

ಕಾರಿನ ತೂಕವನ್ನು ನೆಲ ಹೊರುತ್ತದೆ. ಹೆಲಿಕಾಪ್ಟರಿನ ತೂಕವನ್ನು ಗಾಳಿಯೇ ಹೊರಬೇಕು. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ. ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ, ಎಂಜಿನ್ನಿಗೆ ಸಿಗುವ ಉಸಿರೂ ಕಡಿಮೆ. ಸಿಯಾಚಿನ್‌ನಂಥ ಕಡೆ ಒಡಲಿನಲ್ಲಿ ಉಳಿಸಿದ ಪ್ರತಿ ಕಿಲೋ, ಅಲ್ಲಿನ ಸೈನಿಕನಿಗೆ ತಲುಪುವ ಒಂದು ಕಿಲೋ ಔಷಧವೋ ಆಹಾರವೋ ಆಗುತ್ತದೆ. ಹಗುರತನದ ಬೆನ್ನು ಹತ್ತಿದ ಚಾಪ್‌ಮನ್‌ನ ಮುಂದಿನ ಕೆಲವು ಕಾರುಗಳಲ್ಲಿ ಬಿಡಿಭಾಗಗಳು ಓಟದ ನಡುವೆಯೇ ಮುರಿದದ್ದುಂಟು. ಗುಬ್ಬಿಯ ಎಂಜಿನಿಯರುಗಳಿಗೆ ಆ ಸ್ವಾತಂತ್ರ್ಯವಿಲ್ಲ. ಎಲ್ಲಿ ಒಂದು ಗ್ರಾಂ ತೆಗೆಯಬಹುದು, ಎಲ್ಲಿ ಕೈ ಹಚ್ಚಲೇಬಾರದು ಎಂಬ ಲೆಕ್ಕ ಅವರಿಗೆ ಕಾರಿನವನಿಗಿಂತ ಬಹಳ ಬಿಗಿಯಾದದ್ದು.