ಕಾಫಿಯ ಕೈಗುಣಕ್ಕೊಂದು ಲೆಕ್ಕ

ಅದೇ ಅಂಗಡಿಯ ಪುಡಿ, ಅದೇ ಸ್ಟೀಲ್ ಫಿಲ್ಟರ್, ಅದೇ ಹಾಲು. ಆದರೂ ಸೋಮವಾರದ ಕಾಫಿ ಘಮ್ಮೆಂದರೆ ಮಂಗಳವಾರದ್ದು ಒಗರು, ಬುಧವಾರದ್ದು ನೀರು ನೀರು. ಹೀಗೇಕೆ ಎಂದು ಕೇಳಿದರೆ ಮನೆಯ ಹಿರಿಯರು ‘ಕೈಗುಣ’ ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ವರ್ಷಗಟ್ಟಲೆ ಒಂದೇ ಚಮಚ, ಒಂದೇ ಪಾತ್ರೆ ಹಿಡಿದ ಕೈಗೆ ಅಳತೆ ತಾನಾಗಿ ಕೂತಿರುತ್ತದೆ. ಆ ಅಳತೆಯ ಹಿಂದಿನ ಕಾರಣ ಗೊತ್ತಾದರೆ ಹೊಸಬರ ಕೈಗೂ ಆ ಗುಣ ಬರುತ್ತದೆ.

ಹುರಿದ ಕಾಫಿಬೀಜದ ತೂಕದಲ್ಲಿ ನೀರಿಗೆ ಕರಗುವುದು ಸುಮಾರು ಶೇ. 30ರಷ್ಟು ಮಾತ್ರ, ಮಿಕ್ಕಿದ್ದರಲ್ಲಿ ಹೆಚ್ಚಿನದು ನಾರು. ಕರಗುವುದನ್ನೆಲ್ಲ ಹಿಂಡಿ ತೆಗೆದರೆ ಕಾಫಿ ಚೆನ್ನಾಗಿರುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ನಡೆಸಿದ ಅಧ್ಯಯನಗಳಿಂದ ಒಂದು ಲೆಕ್ಕ ಹೊರಬಂತು: ಪುಡಿಯ ತೂಕದ ಶೇ. 18ರಿಂದ 22ರಷ್ಟು ಸಾರ ನೀರಿಗಿಳಿದರೆ ರುಚಿ ಹದ. ನೀರು ಮೊದಲು ಹುಳಿಯನ್ನು ಎಳೆದುಕೊಳ್ಳುತ್ತದೆ, ಆಮೇಲೆ ಸಿಹಿಯನ್ನು, ಕೊನೆಯಲ್ಲಿ ಕಹಿ ಮತ್ತು ಒಗರನ್ನು. ಬೇಗ ಇಳಿದ ಡಿಕಾಕ್ಷನ್ ಹುಳಿಯಾಗಿ ತೆಳ್ಳಗಿರುವುದು, ಅದೇ ಗಸಿಗೆ ಮತ್ತೆ ನೀರು ಹೊಯ್ದು ತೆಗೆದ ಎರಡನೇ ಡಿಕಾಕ್ಷನ್ ಬರೀ ಕಹಿಯಾಗಿರುವುದು ಇದರಿಂದಲೇ.

ಈ ಹದವನ್ನು ದಿನವೂ ಹಿಡಿಯಲು ಮೊದಲು ಬೇಕಾದದ್ದು ತೂಕ. ಚಮಚ ಒಮ್ಮೆ ಗೋಪುರವಾಗುತ್ತದೆ, ಒಮ್ಮೆ ಮಟ್ಟಸವಾಗುತ್ತದೆ, ತಕ್ಕಡಿ ಹಾಗಲ್ಲ. 20 ಗ್ರಾಂ ಪುಡಿಗೆ 120 ಮಿಲಿಲೀಟರ್ ನೀರು ಹಾಕಿ ನೋಡಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುವುದರಿಂದ ಕೆಳಗಿನ ಡಬ್ಬಿಗೆ ಇಳಿಯುವುದು 80 ಮಿಲಿಲೀಟರ್ ಆಸುಪಾಸಿನ ಗಟ್ಟಿ ಡಿಕಾಕ್ಷನ್.

ಎರಡನೆಯದು ಪುಡಿಯ ತರಿ ಮತ್ತು ಅದನ್ನು ಕೂರಿಸುವ ಬಗೆ. ಪುಡಿ ನುಣ್ಣಗಾದಷ್ಟೂ ನೀರಿಗೆ ಸಿಗುವ ಮೈ ಹೆಚ್ಚು, ಸಾರ ಬೇಗ ಬಿಡುತ್ತದೆ. ಆದರೆ ತೀರಾ ನುಣ್ಣಗಾದರೆ ತೂತು ಕಟ್ಟಿ ನೀರು ಮೇಲೆಯೇ ನಿಲ್ಲುತ್ತದೆ. ಹಿಡಿಯಿರುವ ತೂತಿನ ತಟ್ಟೆಯಿಂದ ಪುಡಿಯನ್ನು ಮೆಲ್ಲಗೆ, ಸಮನಾಗಿ ಒತ್ತಬೇಕು. ಗದ್ದೆಯ ಬದು ಎಲ್ಲಿ ಸಡಿಲವೋ ಅಲ್ಲಿ ನೀರು ನುಗ್ಗುವ ಹಾಗೆ, ಪುಡಿ ಏರುಪೇರಾಗಿದ್ದರೆ ನೀರು ಒಂದೇ ಕಡೆ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ. ಆ ದಾರಿಯ ಪುಡಿ ಕಹಿ ಬಿಡುತ್ತದೆ, ಪಕ್ಕದ ಪುಡಿ ಸಾರವನ್ನೇ ಬಿಟ್ಟಿರುವುದಿಲ್ಲ. ಹೊಸದಾಗಿ ಹುರಿದ ಪುಡಿಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಿಸಿನೀರು ಬಿದ್ದೊಡನೆ ಪುಡಿ ಉಬ್ಬಿ ಗುಳ್ಳೆ ಬರುವುದು ಆ ಅನಿಲದಿಂದ. ಮೊದಲು ಪುಡಿ ನೆನೆಯುವಷ್ಟು ನೀರು ಹಾಕಿ ಅರ್ಧ ನಿಮಿಷ ತಾಳಿ, ಉಳಿದದ್ದನ್ನು ಹೊಯ್ದರೆ ಅನಿಲ ಹೊರಹೋಗಿ ನೀರು ಎಲ್ಲ ಕಡೆ ಇಳಿಯುತ್ತದೆ.

ಮೂರನೆಯದು ಬಿಸಿ. ಕಾಫಿಗೆ 90ರಿಂದ 96 ಡಿಗ್ರಿ ಸೆಲ್ಸಿಯಸ್ ಸೂಕ್ತ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕಡಲತಡಿಯ ಮಂಗಳೂರಿನಲ್ಲಿ 100 ಡಿಗ್ರಿ ಬೇಕು. ಹಾಗಾಗಿ ಬೆಂಗಳೂರಿನವರು ಕುದಿ ಬಂದ ಕೂಡಲೇ ನೀರು ಹೊಯ್ಯಬಹುದು, ಮಂಗಳೂರಿನವರು ತುಸು ಆರಲು ಬಿಡಬೇಕು. ತಣ್ಣಗಿನ ಸ್ಟೀಲ್ ಬಿಸಿಯನ್ನು ಹೀರುವುದರಿಂದ, ಚಳಿಗಾಲದಲ್ಲಿ ಫಿಲ್ಟರನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿಕೊಳ್ಳುವುದು ಒಳ್ಳೆಯದು.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹಿತವಾದ ಹುಳಿಯನ್ನು ಅಡಗಿಸಿ ರುಚಿಯನ್ನು ಸಪ್ಪೆ ಮಾಡುತ್ತದೆ. ಮನೆ ಬದಲಿಸಿದ ಮೇಲೆ ಕಾಫಿ ಕೆಟ್ಟಿತೆಂದು ಪುಡಿ ಬದಲಿಸುವವರು ಮೊದಲು ನೀರನ್ನು ನೋಡಬೇಕು.

ಇನ್ನು ಪುಡಿಗೆ ಬೆರೆಸುವ ಚಿಕೋರಿ. ಅದು ಕಾಫಿಯಲ್ಲ, ಒಂದು ಗಿಡದ ಹುರಿದ ಬೇರು. ಅದರಲ್ಲಿ ಕೆಫೀನ್ ಇಲ್ಲ. ಅದರಲ್ಲಿರುವ ಇನ್ಯುಲಿನ್ ಎಂಬ ಶರ್ಕರವಸ್ತು ಹುರಿದಾಗ ಕಂದಿ ಬಣ್ಣ, ಮಂದ ಮತ್ತು ಸುಟ್ಟ ಸಕ್ಕರೆಯಂಥ ಕಹಿಸಿಹಿ ಕೊಡುತ್ತದೆ. ಕಾಫಿಗಿಂತ ಚಿಕೋರಿ ನೀರಿಗೆ ಬಹಳ ಹೆಚ್ಚು ಕರಗುತ್ತದೆ. ಆದ್ದರಿಂದ ಬಣ್ಣ ಗಾಢವಾಗಿದೆ ಎಂದಮಾತ್ರಕ್ಕೆ ಕಾಫಿ ಗಟ್ಟಿ ಎಂದಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕೆಂಬ ನಿಯಮವಿದೆ. ಪೊಟ್ಟಣದ ಮೇಲಿನ ಪ್ರಮಾಣ ಓದಿ ಕೊಳ್ಳಿ. ಒಮ್ಮೆ 80:20, ಇನ್ನೊಮ್ಮೆ 70:30 ತಂದರೆ ರುಚಿ ಒಂದೇ ಆಗಿರುವುದು ಸಾಧ್ಯವಿಲ್ಲ.

ಕಾಫಿಯ ಘಮ ಬೀಸಿದ ಗಳಿಗೆಯಿಂದಲೇ ಆರತೊಡಗುತ್ತದೆ. ಗಾಳಿ, ತೇವ, ಬೆಳಕು, ಶಾಖ ಈ ನಾಲ್ಕೂ ಅದಕ್ಕೆ ಶತ್ರು. ತಿಂಗಳಿಗಾಗುವಷ್ಟು ಪುಡಿ ತರುವ ಬದಲು ವಾರಕ್ಕಾಗುವಷ್ಟು ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಮತ್ತೆ ಕುದಿಸಬೇಡಿ. ಬಿಸಿಯಲ್ಲೇ ಉಳಿದರೆ ಅದರಲ್ಲಿನ ಕ್ಲೋರೊಜೆನಿಕ್ ಆಮ್ಲ ಒಡೆದು ಹುಳಿ, ಕಹಿ ಏರುತ್ತವೆ. ಕುದಿಯಬೇಕಾದದ್ದು ಹಾಲು. ಹಾಲಿನ ಕೇಸೀನ್ ಕಾಫಿಯ ಒಗರು ಅಂಶಗಳನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಹಾಲು ಬೆರೆತ ಕಾಫಿ ನಾಲಿಗೆಗೆ ನಯ. ಫಿಲ್ಟರಿನ ತೂತುಗಳಲ್ಲಿ ಉಳಿದ ಕಾಫಿಯೆಣ್ಣೆ ಕಮಟುತ್ತದೆ, ದಿನವೂ ಉಜ್ಜಿ ತೊಳೆಯಿರಿ.

ನಾಳೆ ಬೆಳಗಿನ ಕಾಫಿ ಹಿಡಿಸದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ತೂಕ, ತರಿ, ಬಿಸಿ, ನೀರು ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ ಕುಡಿದು ನೋಡಿ, ಮರುದಿನ ಇನ್ನೊಂದನ್ನು. ಹುಳಿಯಾಗಿದ್ದರೆ ತುಸು ನುಣ್ಣನೆಯ ಪುಡಿ, ಕಹಿಯಾಗಿದ್ದರೆ ತುಸು ತರಿತರಿ. ಹಿಡಿಸಿದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಆಮೇಲೆ ಮನೆಯಲ್ಲಿ ಯಾರು ಕಾಫಿ ಮಾಡಿದರೂ ರುಚಿ ಅದೇ ಇರುತ್ತದೆ.